ಬೆನ್ನಿಗೆ ಹೋಗುವ ಹೊಟ್ಟೆನೋವು ಬರೀ ಗ್ಯಾಸ್ಟ್ರಿಕ್ ಅಲ್ಲದಿರಬಹುದು

ವೇಣೂರು: ಮೆಹಂದಿ ಊಟ ಮುಗಿಸಿ ಬಂದವರಿಗೆ ನಡುರಾತ್ರಿ ಮೇಲ್ಹೊಟ್ಟೆ ಹಿಡಿದುಕೊಳ್ಳುತ್ತದೆ. “ಗ್ಯಾಸ್ಟ್ರಿಕ್ ಮಾರಾಯ್ರೆ” ಅಂತ ಓಮದ ಕಷಾಯ, ಬೆಳಗ್ಗೆ ಮೆಡಿಕಲ್‌ನಿಂದ ಒಂದು ಮಾತ್ರೆ. ಹೆಚ್ಚಿನ ಸಲ ಅದು ಗ್ಯಾಸ್ಟ್ರಿಕ್ಕೇ. ಆದರೆ ನೋವು ಬೆನ್ನಿಗೂ ಹೋಗುತ್ತಿದ್ದರೆ, ಮುಂದಕ್ಕೆ ಬಾಗಿ ಕೂತಾಗ ಮಾತ್ರ ಸ್ವಲ್ಪ ಹಗುರಾಗಿ, ವಾಂತಿಯೂ ನಿಲ್ಲದಿದ್ದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಇರಬಹುದು. ಹೃದಯಾಘಾತವೂ ಒಮ್ಮೊಮ್ಮೆ ಹೀಗೇ ಕಾಣುವುದುಂಟು. ಹಾಗಾಗಿ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಇಸಿಜಿಯ ಜೊತೆಗೆ ಲೈಪೇಸ್ ಎಂಬ ರಕ್ತಪರೀಕ್ಷೆ ಆಗಬೇಕು. ಬರೀ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುವುದು ಅಪಾಯ.

ಜಠರದ ಹಿಂದಿರುವ ಈ ಗ್ರಂಥಿಯ ಜೀರ್ಣರಸ ಕರುಳಿಗೆ ಹೋಗುವ ಮೊದಲೇ ಚುರುಕಾದರೆ ಗ್ರಂಥಿಯನ್ನೇ ಕರಗಿಸತೊಡಗುತ್ತದೆ. ಪಿತ್ತಕೋಶದಿಂದ ಜಾರಿದ ಕಲ್ಲು ಮತ್ತು ಮದ್ಯ ಮುಖ್ಯ ಕಾರಣಗಳು. ಟ್ರೈಗ್ಲಿಸರೈಡ್ 1000 ದಾಟಿದವರಿಗೂ ಬರಬಹುದು. ಒಂದು ತೊಟ್ಟೂ ಕುಡಿಯದ ಹೆಂಗಸರಿಗೂ ಬರುವ ಕಾಯಿಲೆ ಇದು, ನಾಚಿಕೆಪಟ್ಟು ಮುಚ್ಚಿಡಬೇಡಿ.

ಕಷ್ಟ ಇರುವುದು ಚಿಕಿತ್ಸೆಯಲ್ಲಿ. ಉರಿಯೂತ ನಿಲ್ಲಿಸುವ ಮದ್ದೇ ಇಲ್ಲ. ಡ್ರಿಪ್, ನೋವು ನಿವಾರಣೆ, ನಿಗಾ, ಇಷ್ಟೇ. ಡ್ರಿಪ್ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು, ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು. ಮೊದಲು ಧಾರಾಳವಾಗಿ ಏರಿಸುತ್ತಿದ್ದರು. ಅದರಿಂದ ಲಾಭವಿಲ್ಲ, ತೊಂದರೆಯೇ ಹೆಚ್ಚು ಎಂದು 2022ರ ‘ವಾಟರ್‌ಫಾಲ್’ ಅಧ್ಯಯನ ತೋರಿಸಿತು. ಐದರಲ್ಲಿ ಸುಮಾರು ನಾಲ್ಕು ಜನ ಬೇಗ ಚೇತರಿಸಿಕೊಳ್ಳುತ್ತಾರೆ. ಐದನೆಯವರು ಯಾರು ಎಂದು ಮೊದಲ ದಿನ ಯಾವ ಡಾಕ್ಟರಿಗೂ ಖಚಿತವಾಗಿ ಹೇಳಲಾಗದು. “ಬಂದ ಕೂಡಲೇ ಸಿಟಿ ಸ್ಕ್ಯಾನ್ ಯಾಕೆ ಮಾಡಲಿಲ್ಲ” ಎಂದು ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಗ್ರಂಥಿ ಎಷ್ಟು ಹಾಳಾಗಿದೆ ಎಂಬುದು ಅದರಲ್ಲಿ ಸರಿಯಾಗಿ ಕಾಣಲು ಮೂರು ದಿನವಾದರೂ ಬೇಕು. ಸತ್ತ ಭಾಗದಲ್ಲಿ ಕೀವಾದರೂ, ಸಾಧ್ಯವಾದರೆ ನಾಲ್ಕು ವಾರ ಕಾದೇ ಅದನ್ನು ತೆಗೆಯುತ್ತಾರೆ.

ಆ ನಾಲ್ಕು ವಾರ ಮಂಗಳೂರಿಗೆ ಓಡಾಟ, ಅಂಗಡಿಗೆ ಬೀಗ, ಐಸಿಯು ಬಿಲ್ಲು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವು ಉಂಟು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ರೆಫರಲ್ ಚೀಟಿ ಬೇಕೇ ಎಂದು ದಾಖಲಾಗುವಾಗಲೇ ಆರೋಗ್ಯಮಿತ್ರರಲ್ಲಿ ಕೇಳಿ.

ಕಲ್ಲಿನಿಂದ ಬಂದ ಸೌಮ್ಯ ಉರಿಯೂತವಾದರೆ, ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸುವುದು ಒಳ್ಳೆಯದು. “ನೋವು ಹೋಯ್ತಲ್ಲ, ಅಡಿಕೆ ಕೊಯ್ಲು ಮುಗಿಯಲಿ” ಎಂದು ಮನೆಗೆ ಬಂದವರಲ್ಲಿ ಕೆಲವರು ಕೊಯ್ಲು ಮುಗಿಯುವ ಮೊದಲೇ ಮತ್ತೆ ಆಂಬುಲೆನ್ಸ್ ಹತ್ತಬೇಕಾಗುತ್ತದೆ.