ಚಿನ್ನದ ನೆಲ, ಮಸ್ಕಿಯ ಬಂಡೆ

ಹಳೆಯ ಚಿನ್ನದ ಗಣಿಗಳ ಸೀಮೆಯಲ್ಲಿ ಲೋಹಶೋಧಕ ಯಂತ್ರ ಹಿಡಿದು ನಡೆದರೆ ಪ್ರಾಚೀನ ವಸ್ತುಗಳು ದೊರೆಯಲಾರವೇ ಎಂದು ನಮ್ಮ ಶಹಾಪುರದ ತರುಣರು ನನ್ನನ್ನು ಕೇಳುವುದುಂಟು. ಯಂತ್ರದ ತತ್ತ್ವ ಸರಳವಾದುದು. ಅದರ ತಂತಿಸುರುಳಿಯ ಕಾಂತಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ಸುಳಿವಿದ್ಯುತ್ತನ್ನು ಎಬ್ಬಿಸುತ್ತದೆ. ಅದರ ಪ್ರತಿಕ್ರಿಯೆಯೇ ನಮಗೆ ಸದ್ದಾಗಿ ಕೇಳಿಸುವುದು. ಚಿನ್ನವೋ, ಮುರಿದ ಹಿತ್ತಾಳೆಯ ಗುಂಡಿಯೋ, ಅಗೆದ ಮೇಲೆಯೇ ತಿಳಿಯಬೇಕು.

ಆದರೆ ರಾಯಚೂರು ಜಿಲ್ಲೆಯ ಚಿನ್ನದ ಸೀಮೆ ಕೊಟ್ಟ ಅತ್ಯಮೂಲ್ಯ ವಸ್ತು ಲೋಹವೇ ಅಲ್ಲ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಜಾಡನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ದೊರೆತುದು ಬಂಡೆಯ ಮೇಲಿನ ಬ್ರಾಹ್ಮೀ ಶಾಸನ. 'ದೇವಾನಾಂಪ್ರಿಯ'ನು ಅಶೋಕನೇ ಎಂಬುದು ಅದರಿಂದ ಸ್ಥಿರಪಟ್ಟಿತು. ಆ ಬಂಡೆಯ ಮುಂದೆ ಯಾವ ಯಂತ್ರವೂ ಸದ್ದು ಮಾಡುತ್ತಿರಲಿಲ್ಲ!

ನಮ್ಮ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬವನ್ನೇ ನೋಡಿ. 1945-46ರಲ್ಲಿ ಸಂಕಾಲಿಯಾ ಮತ್ತು ದೀಕ್ಷಿತರು ಪದರಪದರವಾಗಿ ಅಗೆಸಿದ್ದರಿಂದ ಸಾತವಾಹನರ ಕಾಲದ ಊರಿನ ಬಾಳು ತಿಳಿದುಬಂದಿತು. ಪದರ ಕದಡಿದರೆ ನಾಣ್ಯ ಕೈಗೆ ಬಂದೀತು, ಅದರ ಸುತ್ತಲಿನ ಸಾಕ್ಷ್ಯ ಬಾರದು. ಸಂರಕ್ಷಿತ ನೆಲೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆಯೂ ನಿಷೇಧಿಸಿದೆ. ಉಳುವಾಗ ನೇಗಿಲಿಗೆ ನಾಣ್ಯದ ಕುಡಿಕೆ ತಾಗಿದರೆ, ಅದರ ಬೆಲೆ 10 ರೂಪಾಯಿ ಮೀರಿದ್ದರೆ ಸಾಕು, 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ಬರೆದು ತಿಳಿಸತಕ್ಕದ್ದು. ಸಿಕ್ಕ ಜಾಗ, ಆಳಗಳನ್ನೂ ಬರೆಯಿರಿ. ನಾಣ್ಯವನ್ನು ಮಾತ್ರ ಹುಣಿಸೆಹಣ್ಣಿನಿಂದ ತಿಕ್ಕಬೇಡಿ.