ಹಸುಳೆಯ ಮೊದಲ ಆರು ತಿಂಗಳು

ತೊಟ್ಟಿಲ ಕೂಸನ್ನು ನೋಡಲು ಬರುವ ನೆಂಟರಿಷ್ಟರು ಮೊದಲು ಕೇಳುವುದು, "ಕತ್ತು ನಿಂತಿತೆ? ಬೋರಲು ಬಿತ್ತೆ?" ಎಂದು. ಇಲ್ಲವೆಂದರೆ ನೆರೆಮನೆಯ ಮಗುವಿನ ಉದಾಹರಣೆ ಸಿದ್ಧವಾಗಿರುತ್ತದೆ. ಚೊಚ್ಚಲ ಬಾಣಂತಿಯ ನಿದ್ದೆ ಕೆಡಲು ಇಷ್ಟು ಸಾಕು. ಆದರೆ ಶಿಶುವಿನ ಬೆಳವಣಿಗೆ ಓಟದ ಪಂದ್ಯವಲ್ಲ. ಅದಕ್ಕೆ ಬಹುಮಟ್ಟಿಗೆ ನಿಶ್ಚಿತವಾದ ಒಂದು ಕ್ರಮವಿದೆ. ವೇಗ ಮಾತ್ರ ಮಗುವಿನಿಂದ ಮಗುವಿಗೆ ಬೇರೆ. ಅವಸರಪಡಬಾರದ ವಿಷಯ ಯಾವುದು, ತಡಮಾಡಬಾರದ ವಿಷಯ ಯಾವುದು ಎಂಬ ವಿವೇಕವೇ ಇಲ್ಲಿ ಮುಖ್ಯ.

ತಲೆಯಿಂದ ಕಾಲಿನತ್ತ

ಸ್ನಾಯುಗಳ ಹತೋಟಿ ತಲೆಯಿಂದ ಆರಂಭವಾಗಿ ಕೆಳಕ್ಕೆ ಇಳಿಯುತ್ತದೆ. ಮೊದಲ ತಿಂಗಳಿನಲ್ಲಿ ಬೋರಲಾಗಿ ಮಲಗಿಸಿದ ಕೂಸು ಗಲ್ಲವನ್ನು ಕ್ಷಣಕಾಲ ಎತ್ತೀತು. ಮೂರನೆಯ ತಿಂಗಳ ಹೊತ್ತಿಗೆ ಮುಂಗೈಗಳನ್ನು ಊರಿ ಎದೆಯನ್ನೂ ಎತ್ತುತ್ತದೆ. ನಾಲ್ಕರ ಸುಮಾರಿಗೆ ಕತ್ತು ನಿಲ್ಲುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಹೆಚ್ಚಿನ ಮಕ್ಕಳು ಮಗುಚಿಕೊಳ್ಳಲು ಕಲಿಯುತ್ತವೆ. ನಿದ್ದೆಗೆ ಕೂಸನ್ನು ಯಾವಾಗಲೂ ಅಂಗಾತವೇ ಮಲಗಿಸಬೇಕು. ಎಚ್ಚರವಿರುವಾಗ, ಹಿರಿಯರು ಪಕ್ಕದಲ್ಲಿದ್ದು, ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ಕತ್ತಿಗೆ ಬಲ ಬರುತ್ತದೆ.

ಭಾರತ, ಘಾನಾ, ನಾರ್ವೆ, ಓಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ವರದಿಯು ತಾಯಂದಿರಿಗೆ ಸಮಾಧಾನ ತರುವಂತಹುದು. ಆಸರೆಯಿಲ್ಲದೆ ಕುಳಿತುಕೊಳ್ಳಲು ಒಂದು ಮಗುವಿಗೆ ಸುಮಾರು 4 ತಿಂಗಳು ಸಾಕಾದರೆ, ಮತ್ತೊಂದಕ್ಕೆ 9 ತಿಂಗಳು ಬೇಕಾಯಿತು. ನೂರಕ್ಕೆ ಸುಮಾರು 4 ಮಕ್ಕಳಂತೂ ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಸಾಗಿದವು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ವಯಸ್ಸನ್ನು ಹೆರಿಗೆಗೆ ನಿರೀಕ್ಷಿಸಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಐದನೆಯ ತಿಂಗಳಿನಲ್ಲಿ ಮೂರು ತಿಂಗಳ ಕೂಸಿನಂತಿದ್ದರೆ ಅದು ಸಹಜ.

ಕಣ್ಣು ಮತ್ತು ನಗೆ

ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು 8ರಿಂದ 12 ಅಂಗುಲ ದೂರದ ವಸ್ತು. ಮೊಲೆಯುಣ್ಣುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ! ಮೊದಲ ವಾರಗಳಲ್ಲಿ ನಿದ್ದೆಯಲ್ಲಿ ಸುಳಿಯುವ ನಗೆ ಯಾರನ್ನೂ ಕುರಿತದ್ದಲ್ಲ. ಮುಖ ನೋಡಿ ನಗುವ ನಿಜವಾದ ನಗೆ ಅರಳುವುದು ಆರರಿಂದ ಎಂಟನೆಯ ವಾರದ ಸುಮಾರಿಗೆ. ಮೂರು ತಿಂಗಳಿಗೆ ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತದೆ. ನಾಲ್ಕೈದು ತಿಂಗಳಿಗೆ ಗಿಲಕಿಯನ್ನು ಹಿಡಿಯಲು ಕೈ ಮುಂದಾಗುತ್ತದೆ.

ಕಾಯಬಾರದ ವಿಷಯ

ಕಿವಿಯ ವಿಷಯದಲ್ಲಿ ಮಾತ್ರ ಕಾದು ನೋಡುವ ಮಾತು ಸಲ್ಲದು. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ "ಆ, ಊ" ಎಂದು ದನಿಗೈಯುತ್ತದೆ. ಆದ್ದರಿಂದಲೇ ಮನೆಯವರು ಮೋಸಹೋಗುವರು. ತಟ್ಟೆ ಬಡಿದು ನೋಡುವ ಪರೀಕ್ಷೆಯೂ ನಂಬತಕ್ಕದ್ದಲ್ಲ. ಕೂಸು ಕಂಪನಕ್ಕೋ ಕೈಯ ಚಲನೆಗೋ ತಿರುಗಿರಬಹುದು. "ಕೆಲವರಿಗೆ ಮಾತು ತಡ" ಎಂದು ವರ್ಷಗಳನ್ನು ಕಳೆದರೆ, ಮಿದುಳು ಭಾಷೆಯನ್ನು ಸುಲಭವಾಗಿ ಹೀರಿಕೊಳ್ಳುವ ಕಾಲವೇ ಕೈತಪ್ಪುತ್ತದೆ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ತಜ್ಞರು ಹಾಕಿಕೊಟ್ಟಿರುವ ಗಡುವು. ನಿದ್ರಿಸುವ ಕೂಸಿಗೂ ನೋವಿಲ್ಲದೆ ನಡೆಸಬಹುದಾದ ಈ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಅನುಕೂಲವಿದೆ.

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಕಣ್ಣು ವಸ್ತುವನ್ನು ಹಿಂಬಾಲಿಸದಿದ್ದರೆ, ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, ಮೈ ತೀರ ಬಿಗಿಯಾಗಿ ಅಥವಾ ತೀರ ಸಡಿಲವಾಗಿದ್ದರೆ, ಕಲಿತದ್ದನ್ನು ಮಗು ಮರೆತರೆ ವೈದ್ಯರಿಗೆ ತೋರಿಸಬೇಕು. ಇದಕ್ಕಾಗಿ ವಿಶೇಷ ದಿನ ಹುಡುಕಬೇಕಾಗಿಲ್ಲ. ಲಸಿಕೆ ಹಾಕಿಸಲು 6, 10 ಮತ್ತು 14ನೆಯ ವಾರಗಳಲ್ಲಿ ಹೇಗೂ ಹೋಗಬೇಕಷ್ಟೆ? ಮನಸ್ಸಿನಲ್ಲಿರುವ ಸಂದೇಹವನ್ನು ಅಂದೇ ಕೇಳಿಬಿಡುವುದು ಲೇಸು. ನೆರೆಮನೆಯ ಮಗುವಿನ ಲೆಕ್ಕವನ್ನು ನೆರೆಮನೆಗೇ ಬಿಟ್ಟು, ತನ್ನ ಕೂಸು ಕಳೆದ ತಿಂಗಳಿಗಿಂತ ಈ ತಿಂಗಳು ಏನು ಹೊಸದನ್ನು ಕಲಿತಿತೆಂದು ನೋಡುವ ತಾಯಿಯೇ ಜಾಣೆ.