ಅಂಗಚ್ಛೇದನಕ್ಕೊಳಗಾದವರ ದೇಹತೂಕದ ಮೌಲ್ಯಮಾಪನ

ಅಂಗಚ್ಛೇದನಕ್ಕೊಳಗಾದವರ ದೇಹತೂಕದ ಮೌಲ್ಯಮಾಪನ ಎಂದರೆ ಕೈ ಅಥವಾ ಕಾಲನ್ನು ಭಾಗಶಃ ಇಲ್ಲವೇ ಪೂರ್ಣವಾಗಿ ಕಳೆದುಕೊಂಡವರ ತೂಕವು ಆರೋಗ್ಯಕರ ಮಿತಿಯಲ್ಲಿದೆಯೇ ಎಂಬುದನ್ನು, ಇಲ್ಲದ ಅಂಗದ ಭಾರವನ್ನೂ ಪರಿಗಣಿಸಿ ನಿರ್ಣಯಿಸುವ ವಿಧಾನ. ತೂಕದ ಯಂತ್ರ ತೋರಿಸಿದ ಅಂಕಿಯನ್ನೇ ನೇರವಾಗಿ ಬಳಸಿದರೆ ವ್ಯಕ್ತಿಯು ವಾಸ್ತವಕ್ಕಿಂತ ಕೃಶನಾಗಿರುವಂತೆ ತೋರುತ್ತದೆ. ಇದರಿಂದ ಅಧಿಕ ತೂಕವು ಗಮನಕ್ಕೆ ಬಾರದೆ ಹೋಗಬಹುದು. ತಕ್ಕ ತೂಕವುಳ್ಳವರನ್ನು ಅಪೌಷ್ಟಿಕರೆಂದು ತಪ್ಪಾಗಿ ಗುರುತಿಸಲೂಬಹುದು.

ಹಿನ್ನೆಲೆ

ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ, ದೊರೆಯುತ್ತದೆ. ಈ ಅನುಪಾತವನ್ನು 19ನೆಯ ಶತಮಾನದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ರೂಪಿಸಿದರು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರನ್ನು ನೀಡಿದರು. ಭಾರತೀಯ ವಯಸ್ಕರಿಗೆ 18.5ರಿಂದ 22.9ರವರೆಗಿನ ಬಿಎಂಐ ಆರೋಗ್ಯಕರವೆಂದೂ 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸಲಾಗುತ್ತದೆ. ಈ ಮಿತಿಗಳೆಲ್ಲ ಪೂರ್ಣಾಂಗ ದೇಹವನ್ನು ಆಧರಿಸಿದವು.

ಅಂಗಗಳ ಪಾಲು

ಒಟ್ಟು ದೇಹತೂಕದಲ್ಲಿ ಒಂದು ಬದಿಯ ಅಂಗದ ಸರಾಸರಿ ಪಾಲು ಹೀಗಿದೆ:

• ಹಸ್ತ: ಶೇ. 0.7
• ಹಸ್ತಸಹಿತ ಮುಂಗೈ: ಶೇ. 2.3
• ಇಡೀ ತೋಳು: ಶೇ. 5
• ಪಾದ: ಶೇ. 1.5
• ಪಾದಸಹಿತ ಮೊಣಕಾಲಿನ ಕೆಳಭಾಗ: ಶೇ. 5.9
• ಇಡೀ ಕಾಲು: ಶೇ. 16

ಎರಡೂ ಬದಿಯ ಅಂಗಗಳು ಇಲ್ಲದಿದ್ದರೆ ಅವುಗಳ ಪಾಲನ್ನು ಕೂಡಿಸಲಾಗುತ್ತದೆ.

ಲೆಕ್ಕ ಹಾಕುವ ಕ್ರಮ

ಕೃತಕ ಅಂಗವನ್ನು ಕಳಚಿ ತೂಕ ನೋಡಬೇಕು. ಅದು ಸಾಧ್ಯವಾಗದಿದ್ದರೆ ಅದರ ತೂಕವನ್ನು ಪ್ರತ್ಯೇಕವಾಗಿ ಅಳೆದು ಕಳೆಯಬೇಕು. ನಿಲ್ಲಲಾಗದವರಿಗೆ ಕುರ್ಚಿ ಜೋಡಿಸಿದ ತೂಕದ ಯಂತ್ರವನ್ನು ಬಳಸಲಾಗುತ್ತದೆ. ಇಲ್ಲದ ಅಂಗದ ಪಾಲನ್ನು 100ರಿಂದ ಕಳೆದು, ಉಳಿದ ಸಂಖ್ಯೆಯಿಂದ ಅಳೆದ ತೂಕವನ್ನು ಭಾಗಿಸಿ 100ರಿಂದ ಗುಣಿಸಿದರೆ ಅಂದಾಜು ಪೂರ್ಣ ತೂಕ ಸಿಗುತ್ತದೆ.

ಉದಾಹರಣೆಗೆ, ಒಂದು ಕಾಲನ್ನು ಮೊಣಕಾಲಿನಿಂದ ಕೆಳಕ್ಕೆ ಕಳೆದುಕೊಂಡ, 165 ಸೆಂ.ಮೀ. ಎತ್ತರದ ವ್ಯಕ್ತಿಯ ತೂಕ 60 ಕೆ.ಜಿ. ಎಂದಿರಲಿ. ನೇರ ಲೆಕ್ಕದಲ್ಲಿ ಬಿಎಂಐ 22.0. ಪೂರ್ಣ ತೂಕ 63.8 ಕೆ.ಜಿ. ಆಗುವುದರಿಂದ ಸರಿಪಡಿಸಿದ ಬಿಎಂಐ 23.4, ಅಂದರೆ ಅಧಿಕ ತೂಕ. ಅದೇ ಎತ್ತರದ, ಇಡೀ ಕಾಲನ್ನು ಕಳೆದುಕೊಂಡ, 45 ಕೆ.ಜಿ. ತೂಗುವ ವ್ಯಕ್ತಿಯ ಬಿಎಂಐ ನೇರ ಲೆಕ್ಕದಲ್ಲಿ 16.5 ಆದರೂ ಸರಿಪಡಿಸಿದ ಮೇಲೆ 19.7, ಇದು ಆರೋಗ್ಯಕರ ಮಿತಿಯಲ್ಲೇ ಇದೆ.

ಎತ್ತರದ ಅಳತೆ

ಒಂದು ಕಾಲಿದ್ದರೆ ಅದರ ಮೇಲೆ ಆಸರೆಯೊಡನೆ ನಿಲ್ಲಿಸಿ ಎತ್ತರವನ್ನು ಅಳೆಯಬಹುದು. ಎರಡೂ ಕಾಲುಗಳಿಲ್ಲದವರಿಗೆ ಶಸ್ತ್ರಚಿಕಿತ್ಸೆಗೆ ಮುಂಚಿನ ದಾಖಲೆ ಉಪಯುಕ್ತ. ದಾಖಲೆ ಇಲ್ಲದಿದ್ದರೆ ಎರಡೂ ಕೈಗಳನ್ನು ಚಾಚಿದಾಗ ಬೆರಳ ತುದಿಗಳ ನಡುವಣ ಅಂತರದಿಂದ ಎತ್ತರವನ್ನು ಅಂದಾಜಿಸಲಾಗುತ್ತದೆ.

ಮಿತಿಗಳು ಮತ್ತು ಮಹತ್ವ

ಮೇಲಿನ ಪಾಲುಗಳು ಸರಾಸರಿಗಳು ಮಾತ್ರ. ಉಳಿದ ಮೋಟುಭಾಗದ ಉದ್ದ, ಸ್ನಾಯುಗಳ ಕ್ಷಯ ಹಾಗೂ ಬಾವುಗಳಿಂದ ಫಲಿತಾಂಶ ಬದಲಾಗುತ್ತದೆ. ಆದ್ದರಿಂದ ಸೊಂಟದ ಸುತ್ತಳತೆಯನ್ನೂ ನೋಡುವುದು ವಾಡಿಕೆ. ಭಾರತೀಯ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ತಲುಪಿದರೆ ಅದು ಎಚ್ಚರಿಕೆಯ ಸೂಚನೆ.

ಅಂಗಚ್ಛೇದನಕ್ಕೆ ಮಧುಮೇಹ ಹಾಗೂ ರಕ್ತನಾಳಗಳ ರೋಗಗಳು ಪ್ರಮುಖ ಕಾರಣಗಳಾಗಿದ್ದು, ಅಂಥವರಿಗೆ ತೂಕದ ನಿಯಂತ್ರಣ ಚಿಕಿತ್ಸೆಯ ಭಾಗವೇ ಆಗಿದೆ. ತೂಕ ಹೆಚ್ಚಿದರೆ ಉಳಿದ ಕಾಲಿನ ಕೀಲುಗಳ ಮೇಲೆ ಹೊರೆ ಬೀಳುತ್ತದೆ. ಹೆಚ್ಚಿದರೂ ಇಳಿದರೂ ಕೃತಕ ಕಾಲಿನ ಬಟ್ಟಲು ಸರಿಯಾಗಿ ಕೂಡದೆ ಚರ್ಮದಲ್ಲಿ ಹುಣ್ಣಾಗಬಹುದು. ಗುರಿಯ ತೂಕವನ್ನು ನಿಗದಿಪಡಿಸುವಾಗಲೂ ಇಲ್ಲದ ಅಂಗದ ಪಾಲನ್ನು ಕಳೆಯಬೇಕು: ಮೊದಲ ಉದಾಹರಣೆಯ ವ್ಯಕ್ತಿಗೆ ಆರೋಗ್ಯಕರ ತೂಕದ ಮೇಲ್ಮಿತಿ 62.3 ಕೆ.ಜಿ. ಅಲ್ಲ, ಸುಮಾರು 58.7 ಕೆ.ಜಿ.